ಅಮೆರಿಕದ ಟಿಎಎ: ತರಬೇತಿ ಭತ್ಯೆಯೋ, ಸಂಬಳದ ಪೂರಕವೋ?

ಆಮದಿನ ಪೈಪೋಟಿಯಿಂದಲೋ, ಕಾರ್ಖಾನೆ ಹೊರದೇಶಕ್ಕೆ ಹೋದದ್ದರಿಂದಲೋ ಕೆಲಸ ಕಳೆದುಕೊಂಡವರಿಗೆ ಅಮೆರಿಕ ಸರ್ಕಾರದ ಟಿಎಎ (ಟ್ರೇಡ್ ಅಡ್ಜಸ್ಟ್‌ಮೆಂಟ್ ಅಸಿಸ್ಟೆನ್ಸ್) ಯೋಜನೆಯಲ್ಲಿ ಎರಡು ದಾರಿ: ಟಿಆರ್‌ಎ ಎಂಬ ತರಬೇತಿ ಭತ್ಯೆ, ಆರ್‌ಟಿಎಎ ಎಂಬ ಸಂಬಳದ ಪೂರಕ. ಮೊದಲು ತಾರೀಕು ನೋಡಿ: 2022ರ ಜುಲೈ 1ರಿಂದ ಹೊಸ ಕಾರ್ಮಿಕರ ಗುಂಪುಗಳಿಗೆ ಮಾನ್ಯತೆ ಇಲ್ಲ. ಅದಕ್ಕೂ ಮೊದಲೇ ಮಾನ್ಯತೆ ಪಡೆದ ಗುಂಪಿನಲ್ಲಿದ್ದು, ಕೆಲಸವೂ ಆಗಲೇ ಹೋಗಿದ್ದವರು ಮಾತ್ರ ಮುಂದೆ ಓದಿ.

ಟಿಆರ್‌ಎಗೆ ವಯಸ್ಸಿನ ಹಂಗಿಲ್ಲ. ನಿರುದ್ಯೋಗ ವಿಮೆ ಮುಗಿದ ಮೇಲೆ ವಾರವಾರ ಭತ್ಯೆ. ಆದರೆ ಸಾಮಾನ್ಯವಾಗಿ ಒಪ್ಪಿತ ತರಬೇತಿಗೆ ಸೇರಿರಬೇಕು, ಅದೂ ಗಡುವಿನೊಳಗೆ. ಎಡವುವವರು ಎಡವುವುದೇ ಇಲ್ಲಿ.

ಆರ್‌ಟಿಎಎ 50 ತುಂಬಿದವರಿಗೆ. ಹೊಸ ಕೆಲಸದಲ್ಲಿ ಸಂಬಳ ಇಳಿದರೆ ವ್ಯತ್ಯಾಸದ ಅರ್ಧ ಸಿಗುತ್ತದೆ. 2015ರ ನಿಯಮದಲ್ಲಿ ಎರಡು ವರ್ಷಕ್ಕೆ ಗರಿಷ್ಠ 10,000 ಡಾಲರ್. ಹೊಸ ಸಂಬಳ ವರ್ಷಕ್ಕೆ 50,000 ಡಾಲರ್ ಮೀರುವಂತಿಲ್ಲ.

ಐವತ್ತೈದರಲ್ಲಿ ಕೈಗೆ ಕೆಲಸ ಸಿಕ್ಕಿದ್ದರೆ ಎರಡನೆಯದೇ ಲೇಸು. ಮೂವತ್ತರ ಆಸುಪಾಸಿನವರಿಗೆ ಆಯ್ಕೆಯೇ ಇಲ್ಲ, ತರಬೇತಿಯೇ ಗತಿ.