ಬಿರುಕಿಗೆ ಗಾಜಿನ ಪಟ್ಟಿಯೋ, ವೈರ್‌ಲೆಸ್ ಸೆನ್ಸರೋ?

ಮುಂಬಯಿ ಮಾಟುಂಗಾದ ನಿಮ್ಮ ಹಳೇ ಕಟ್ಟಡದ ಬಿರುಕು ಬೆಳೀತಾ ಇದೆಯಾ ಅಂತ ನೋಡೋಕೆ ಏನು ಹಾಕಿಸೋದು ಅಂತ ಕೇಳಿದ್ರಿ ಅಲ್ವಾ ಅಣ್ಣಾ? ಒಂದೆರಡು ಬಿರುಕಾದರೆ ಅದರ ಮೇಲೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿದರೆ ಸಾಕು. ಖರ್ಚು ಕಮ್ಮಿ, ಬಿರುಕು ಅಗಲವಾದರೆ ಗಾಜು ಒಡೆಯುತ್ತದೆ. ಯಾವಾಗ, ಎಷ್ಟು ಅಂತ ಮಾತ್ರ ಹೇಳುವುದಿಲ್ಲ. ನಮ್ಮ ಮೆಟ್ಟಿಲ ಕೆಳಗಿನ ಪಟ್ಟಿ ಒಡೆದದ್ದು ಕೊನೆಗೆ ಕಂಡದ್ದು ಬಣ್ಣ ಹೊಡೆಯುವವನಿಗೆ!

ಸೇತುವೆಯ ನಡುಕ ಬಿಡದೆ ಅಳೆಯಲು ವೈರಿನ ಸೆನ್ಸರ್ ಒಳ್ಳೆಯದು. ಜನ ಇರುವ ಮನೆಗಳಲ್ಲಿ ಕೇಬಲ್ ಎಳೆಯುವುದು ತಲೆನೋವು, ಕೂಲಿಯೂ ಜಾಸ್ತಿ.

ಹತ್ತಾರು ಬಿರುಕಿದ್ದರೆ ವೈರ್‌ಲೆಸ್ ಸುಲಭ. ಸೆನ್ಸರ್ ಗಂಟೆಗೊಮ್ಮೆ ಅಳೆದು ಉಳಿದ ಹೊತ್ತು ಮಲಗುವುದರಿಂದ ಬ್ಯಾಟರಿ ವರ್ಷಗಟ್ಟಲೆ ಬರುತ್ತದೆ. ಆದರೆ ದಪ್ಪ ಕಾಂಕ್ರೀಟು ಸಿಗ್ನಲ್ ನುಂಗುತ್ತದೆ, ಮುಂಬಯಿ ಮಳೆಗೆ ನೀರು ನುಗ್ಗದ ಡಬ್ಬಿಯೂ ಬೇಕು. ಮತ್ತೆ, ಕಟ್ಟಡ 30 ವರ್ಷ ದಾಟಿದ್ದರೆ ಸ್ಟ್ರಕ್ಚರಲ್ ಆಡಿಟ್ (ಕಟ್ಟಡ ಗಟ್ಟಿ ಇದೆಯಾ ಅಂತ ಎಂಜಿನಿಯರ್ ಮಾಡುವ ತಪಾಸಣೆ) ಕಡ್ಡಾಯ. ಸೆನ್ಸರ್ ಇದೆ ಅಂತ ಸುಮ್ನೆ ಕೂರುವ ಹಾಗಿಲ್ಲ.