ಶೋರೂಮಲ್ಲಿ ಆರಿಸಿದ್ದೇ ಒಂದು, ಮನೆಗೆ ಬಂದಿದ್ದೇ ಒಂದು

ಇಂಟೀರಿಯರ್ ಮಾಡಿಸುವವರಿಗೆ ಎಲ್ಲರೂ ಹೇಳುವ ಮಾತು ಒಂದೇ: ಫೋನಲ್ಲಿ ಫೋಟೊ ನೋಡಿ ಒಪ್ಪಬೇಡಿ, ಖುದ್ದಾಗಿ ಹೋಗಿ ಮುಟ್ಟಿ ನೋಡಿ ಆರಿಸಿ. ನಾವು ಹಾಗೇ ಮಾಡಿದ್ದೆವು. ಆದರೂ ಮೋಸ ಆಯಿತು. ಬೆಂಗಳೂರಿನಲ್ಲಿ ಫ್ಲ್ಯಾಟ್ ತಗೊಂಡು ಈಗಷ್ಟೇ ಅಡುಗೆಮನೆ, ವಾರ್ಡ್‌ರೋಬ್ ಕೆಲಸಕ್ಕೆ ಕೈಹಾಕುತ್ತಿರುವವರು ದಯವಿಟ್ಟು ಓದಿ.

ಕಂಪನಿ ಹೆಸರು ಬೇಡ. ಶೋರೂಮೇನೋ ಝಗಮಗ ಇತ್ತು. ಗೋಡೆ ತುಂಬಾ ಲ್ಯಾಮಿನೇಟಿನ (ಹಲಗೆ ಮೇಲೆ ಅಂಟಿಸುವ ತೆಳು ಬಣ್ಣದ ಹಾಳೆ) ಅಂಗೈ ಅಗಲದ ತುಂಡುಗಳು, ಮೇಲೆ ಹಳದಿ ದೀಪ. ತಿಳಿ ಬೂದು ಬಣ್ಣ ಆರಿಸಿದೆವು. ಮನೆಗೆ ಒಯ್ದು ನೋಡ್ತೀವಿ ಅಂದರೆ ಕೊಡಲಿಲ್ಲ, ಇರೋದೇ ಒಂದು ಪೀಸ್ ಅಂದರು. ಈಗ ನಮ್ಮ ರೂಮಿನ ಬಿಳಿ ಟ್ಯೂಬ್‌ಲೈಟಿನಲ್ಲಿ ಅದು ನೀಲಿ ಹೊಡೆಯುತ್ತದೆ. ಮರದ ಗೆರೆಯ ಲ್ಯಾಮಿನೇಟ್ ಇನ್ನೂ ಮೋಸ. ಚಿಕ್ಕ ತುಂಡಿನಲ್ಲಿ ಮುದ್ದಾಗಿ ಕಾಣುವ ಗೆರೆ, 8 ಅಡಿ ಉದ್ದ 4 ಅಡಿ ಅಗಲದ ಹಾಳೆಯಲ್ಲಿ ಬಾಗಿಲ ತುಂಬಾ ದೊಡ್ಡ ದೊಡ್ಡ ಕಣ್ಣುಗಳಾಗಿ ನಿಲ್ಲುತ್ತದೆ.

ಬಣ್ಣದ ಕಥೆ ಹೇಗೋ ಸಹಿಸಬಹುದು. ನಿಜವಾದ ಮೋಸ ಸಿಂಕ್ ಕೆಳಗಿತ್ತು. ಅಲ್ಲಿಗೆ 710 ಪ್ಲೈ, ಅಂದರೆ ನೀರು ತಡೆಯುವ ಪ್ಲೈವುಡ್, ಅಂತ ಕೊಟೇಶನ್‌ನಲ್ಲೇ ಬರೆದಿತ್ತು, ಶೋರೂಮಿನಲ್ಲಿ ಅದರ ತುಂಡನ್ನೂ ಕೈಗೆ ಕೊಟ್ಟು ತೋರಿಸಿದ್ದರು. ಪ್ಲಂಬರ್ ಬಂದು ಆರ್‌ಓ ಪೈಪಿಗೆಂದು ಪಕ್ಕದ ಹಲಗೆಗೆ ತೂತು ಕೊರೆದ. ಪ್ಲೈ ಆಗಿದ್ದರೆ ಕೊರೆದ ಅಂಚಿನಲ್ಲಿ ಪದರ ಪದರ ಕಾಣಬೇಕು, ಅಲ್ವಾ? ಇಲ್ಲಿ ಅವಲಕ್ಕಿಗೆ ಅಂಟು ಹಾಕಿ ಒತ್ತಿದ ಹಾಗೆ ಬರೀ ಮರದ ಚೂರು. "ಅಕ್ಕಾ, ಇದನ್ನ ಪ್ಲೈ ಅಂತ ಯಾರು ಹೇಳಿದ್ದು ನಿಮಗೆ? ಪಾರ್ಟಿಕಲ್ ಬೋರ್ಡು ಇದು" ಅಂದ.

ಕಂಪನಿಯ ಡಿಸೈನರ್‌ಗೆ ಫೋನ್ ಮಾಡಿದರೆ, "ಕೊಟೇಶನ್ ಕೊನೆ ಪುಟ ನೋಡಿ ಮೇಡಂ." ಸಣ್ಣ ಅಕ್ಷರದಲ್ಲಿತ್ತು: ಸ್ಟಾಕ್ ಇಲ್ಲದಿದ್ದರೆ ಸಮಾನ ಗುಣಮಟ್ಟದ ಬೇರೆ ಮಾಲು ಬಳಸಲಾಗುವುದು. ಎಲ್ಲಿಯ ಸಮಾನ! ಐಎಸ್ 710 ಅಂದರೆ 72 ಗಂಟೆ ನೀರಲ್ಲಿ ಕುದಿಸಿದರೂ ಪದರ ಬಿಡಬಾರದು ಅನ್ನುವ ಮಾನದಂಡ. ಪಾರ್ಟಿಕಲ್ ಬೋರ್ಡಿಗೆ ಸಿಂಕ್ ಸೋರಿದರೆ ಸಾಕು, ಉಬ್ಬಿಕೊಳ್ಳುತ್ತದೆ.

ಆ ಸಾಲನ್ನು ಮೊದಲು ಹೊಡೆದು ಹಾಕಿಸಿ. ಬದಲಾಯಿಸುವುದಿದ್ದರೆ ನಮ್ಮ ಲಿಖಿತ ಒಪ್ಪಿಗೆ ಬೇಕು ಅಂತ ಸೇರಿಸಿ. ಆರಿಸಿದ ಲ್ಯಾಮಿನೇಟಿನ ಬ್ರ್ಯಾಂಡ್, ಕೋಡ್, ದಪ್ಪ (0.8 ಮಿಮೀನೋ 1 ಮಿಮೀನೋ) ಎಲ್ಲ ಕೊಟೇಶನ್‌ನಲ್ಲಿ ಬರಲಿ. ಸ್ಯಾಂಪಲ್ ಹಿಂದೆ ಇಬ್ಬರೂ ಸಹಿ ಹಾಕಿ ಒಂದು ತುಂಡು ನಿಮ್ಮ ಹತ್ತಿರ ಇಟ್ಕೊಳ್ಳಿ. ಕೊಡಲ್ಲ ಅಂದರೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಕಡೆ ಹೋಗಿ, ಅಂಗಡಿಯಲ್ಲಿ ಅದೇ ಕೋಡಿನ ಪೂರ್ತಿ ಹಾಳೆ ತೆಗೆಸಿ, ಬಾಗಿಲ ಬೆಳಕಿಗೆ ಹಿಡಿದು ನೋಡಿ.

ಆಮೇಲೆ ನಿಮ್ಮ ಬಾಕ್ಸುಗಳನ್ನು ತಯಾರಿಸುವ ಫ್ಯಾಕ್ಟರಿಗೆ ಹೋಗಿ. ಇದನ್ನು ಯಾರೂ ಹೇಳಲ್ಲ. ಲ್ಯಾಮಿನೇಟಿನ ಕೋಡ್ ಇರುವುದು ಹಾಳೆಯ ಬೆನ್ನಿಗೆ, ಐಎಸ್‌ಐ ಗುರುತು, ಲೈಸೆನ್ಸ್ ನಂಬರ್ ಇರುವುದು ಪ್ಲೈ ಮೇಲೆ. ಒಂದಕ್ಕೊಂದು ಅಂಟಿಸಿ, ಸುತ್ತ ಎಡ್ಜ್ ಬ್ಯಾಂಡ್ (ಅಂಚು ಮುಚ್ಚುವ ಪಟ್ಟಿ) ಹೊಡೆದ ಮೇಲೆ ನೋಡೋಕೆ ಏನೂ ಉಳಿಯಲ್ಲ. ಹಾಗೆ ಒತ್ತಿ ಅಂಟಿಸುವ ಮುಂಚೆಯೇ ಫೋಟೊ ತೆಗೆದು, ಆ ಲೈಸೆನ್ಸ್ ನಂಬರನ್ನು ಐಎಸ್‌ಐ ಗುರುತು ಕೊಡುವ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ.

ಎಷ್ಟೋ ಕಂಪನಿಗಳು ಮಾಲು ಗಾಡಿಗೆ ಹತ್ತುವ ಮುಂಚೆಯೇ ಪೂರ್ತಿ ಹಣ ಕೇಳುತ್ತವೆ. ಒಪ್ಪಬೇಡಿ. ನಾವು ಹಟ ಹಿಡಿದು ಕೊನೆಯ ಕಂತು ಉಳಿಸಿಕೊಂಡಿದ್ದಕ್ಕೇ ಕಂಪನಿಯವರು ಸಿಂಕ್ ಕೆಳಗಿನ ಬಾಕ್ಸ್ ಬದಲಾಯಿಸಿ ಕೊಟ್ಟರು. ಉಳಿದ ಬಾಕ್ಸುಗಳೊಳಗೆ ಏನಿದೆ ಅಂತ ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ. ಬಿಲ್ಲು, ವಾಟ್ಸಾಪ್ ಮೆಸೇಜು ಎಲ್ಲ ಜೋಡಿಸಿಟ್ಟು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ.