ಬಾಯಿಯ ಥ್ರಷ್‌ಗೆ ನಾಲ್ಕು ಔಷಧಿ: ಬಳಸಿ ನೋಡಿದ ಮೇಲೆ ನನ್ನ ಲೆಕ್ಕ

ಉಬ್ಬಸಕ್ಕೆ ಸ್ಟೀರಾಯ್ಡ್ ಇನ್ಹೇಲರ್ ಎಳೆಯುವ ನನಗೆ ಓರಲ್ ಥ್ರಷ್, ಅಂದರೆ ಬಾಯಿಯ ಶಿಲೀಂಧ್ರ ಸೋಂಕು, ಬಂತು, ವಾಸಿಯಾಯಿತು, ಮತ್ತೆ ಬಂತು. ಹೀಗೆ ಬೇರೆ ಬೇರೆ ಸಲ ವೈದ್ಯರು ಬರೆದುಕೊಟ್ಟ ನಾಲ್ಕು ಔಷಧಿಗಳೂ ನನ್ನ ಬಾಯಿಗೆ ಪರಿಚಯವಾದವು: ನಿಸ್ಟಾಟಿನ್ ದ್ರವ, ಕ್ಲೋಟ್ರಿಮಝೋಲ್ ಚೀಪುವ ಮಾತ್ರೆ, ಮೈಕೋನಝೋಲ್ ಜೆಲ್, ಫ್ಲೂಕೋನಝೋಲ್ ನುಂಗುವ ಮಾತ್ರೆ. ನಾಲ್ಕೂ ಕೆಲಸ ಮಾಡಿದವು. ಆದರೆ ಒಂದೊಂದೂ ಬೇಡುವ ತಾಳ್ಮೆ ಬೇರೆ, ತರುವ ತೊಡಕು ಬೇರೆ. ಮತ್ತೆ ಮತ್ತೆ ಬರುವುದು ನಿಂತದ್ದು ಮಾತ್ರ ಇನ್ಹೇಲರ್ ಎಳೆಯುವ ರೀತಿ ಬದಲಾದ ಮೇಲೆ.

ಮೊದಲು ಇದು ಥ್ರಷ್ ಹೌದೇ ಎಂದು ತಿಳಿಯಬೇಕು. ನಾಲಿಗೆ, ಕೆನ್ನೆಯ ಒಳಭಾಗ, ಅಂಗುಳದ ಮೇಲೆ ಮೊಸರಿನ ಗಡ್ಡೆ ಅಂಟಿದಂತೆ ಬಿಳಿ ಪದರ ಕಾಣುತ್ತದೆ. ಮೆಲ್ಲಗೆ ಒರೆಸಿದರೆ ಎದ್ದು ಬರುತ್ತದೆ, ಅಡಿಯಲ್ಲಿ ಕೆಂಪಗಿನ ಹಸಿ ಚರ್ಮ, ಕೆಲವೊಮ್ಮೆ ಸ್ವಲ್ಪ ರಕ್ತ. ಒರೆಸಿದರೂ ಏಳದ ಬಿಳಿ ಮಚ್ಚೆ ಬೇರೆಯದೇ ಆಗಿರಬಹುದು. ತಂಬಾಕು ಬಳಸುವವರಂತೂ ಅದನ್ನು ತಡಮಾಡದೆ ದಂತವೈದ್ಯರಿಗೆ ತೋರಿಸಬೇಕು. ಬಿಳಿ ಇಲ್ಲದೆ ಬರೀ ಕೆಂಪಗೆ ಉರಿಯುವ ಥ್ರಷ್ ಕೂಡ ಇದೆ. ಹಲ್ಲುಸೆಟ್ಟು ಹಾಕುವವರಲ್ಲಿ ಸೆಟ್ಟಿನ ಅಡಿಯ ಅಂಗುಳದಲ್ಲಿ ಅದು ಹೆಚ್ಚು.

ಕಾರಣ ಕ್ಯಾಂಡಿಡಾ ಎಂಬ ಶಿಲೀಂಧ್ರ, ಬಹುಪಾಲು ಕ್ಯಾಂಡಿಡಾ ಆಲ್ಬಿಕನ್ಸ್. ಆರೋಗ್ಯವಂತರಲ್ಲೂ ಅನೇಕರ ಬಾಯಲ್ಲಿ ಇದು ತೆಪ್ಪಗೆ ಇರುತ್ತದೆ. ಆ್ಯಂಟಿಬಯಾಟಿಕ್ ತೆಗೆದುಕೊಂಡು ಬಾಯಿಯ ಬ್ಯಾಕ್ಟೀರಿಯಾ ಕಡಿಮೆಯಾದಾಗ, ಹತೋಟಿ ತಪ್ಪಿದ ಮಧುಮೇಹದಲ್ಲಿ, ಎಂಜಲು ಕಡಿಮೆಯಾಗಿ ಬಾಯಿ ಒಣಗಿದಾಗ, ಕೀಮೋಥೆರಪಿ ಅಥವಾ ಎಚ್‌ಐವಿಯಿಂದ ರೋಗನಿರೋಧಕ ಶಕ್ತಿ ಕುಗ್ಗಿದಾಗ ಅದು ಎದ್ದು ಹರಡುತ್ತದೆ. ಸ್ಟೀರಾಯ್ಡ್ ಇನ್ಹೇಲರ್‌ನ ಒಂದು ಪಾಲು ಶ್ವಾಸಕೋಶಕ್ಕೆ ಹೋಗದೆ ಬಾಯಿ, ಗಂಟಲಲ್ಲೇ ಉಳಿದು ಅಲ್ಲಿನ ರಕ್ಷಣೆಯನ್ನು ಕುಗ್ಗಿಸುತ್ತದೆ. ನನ್ನದು ಈ ಬಗೆ.

ಮೊದಲು ಸಿಕ್ಕಿದ್ದು ನಿಸ್ಟಾಟಿನ್. 1950ರಲ್ಲಿ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಮಣ್ಣಿನ ಸೂಕ್ಷ್ಮಜೀವಿಯಿಂದ ಕಂಡುಹಿಡಿದ ಔಷಧಿ, ಇಂದಿಗೂ ಬಳಕೆಯಲ್ಲಿದೆ. ಒಂದು ಮಿ.ಲೀ.ನಲ್ಲಿ 1 ಲಕ್ಷ ಯೂನಿಟ್. ದೊಡ್ಡವರಿಗೆ ಸಾಮಾನ್ಯವಾಗಿ 4ರಿಂದ 6 ಮಿ.ಲೀ., ದಿನಕ್ಕೆ ನಾಲ್ಕು ಸಲ, 7ರಿಂದ 14 ದಿನ. ಇದರ ದೊಡ್ಡ ಗುಣವೆಂದರೆ ನುಂಗಿದರೂ ರಕ್ತಕ್ಕೆ ಹೆಚ್ಚುಕಡಿಮೆ ಸೇರುವುದೇ ಇಲ್ಲ, ಹಾಗಾಗಿ ಬೇರೆ ಮಾತ್ರೆಗಳ ಜೊತೆ ಜಗಳವಿಲ್ಲ. ತೊಡಕೂ ಅಲ್ಲೇ ಇದೆ: ಪದರಕ್ಕೆ ತಾಗಿದಷ್ಟು ಹೊತ್ತು ಮಾತ್ರ ಅದರ ಕೆಲಸ. ಗುಟುಕರಿಸಿ ಎದ್ದುಹೋದರೆ ಪ್ರಯೋಜನ ಕಡಿಮೆ. ಆಡಿಸಿ ಆಡಿಸಿ ಬಾಯಲ್ಲಿ ಆದಷ್ಟು ಹೊತ್ತು ಇಟ್ಟುಕೊಂಡು, ಆಮೇಲೆ ಸ್ವಲ್ಪ ಹೊತ್ತು ಏನೂ ತಿನ್ನದೆ ಕುಡಿಯದೆ ಇರಬೇಕು. ಕೆಲಸದ ನಡುವೆ ದಿನಕ್ಕೆ ನಾಲ್ಕು ಸಲ ಇದನ್ನು ಪಾಲಿಸುವುದು ಸುಲಭವಲ್ಲ. ಅನೇಕ ನಿಸ್ಟಾಟಿನ್ ದ್ರವಗಳಲ್ಲಿ ಸಕ್ಕರೆ ಇರುತ್ತದೆ. ಮಧುಮೇಹಿಗಳು ಚೀಟಿ ಓದಿ ನೋಡಲಿ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಮತ್ತು ನಿಸ್ಟಾಟಿನ್ ಒಂದನ್ನೊಂದು ನಿಷ್ಕ್ರಿಯಗೊಳಿಸುತ್ತವೆ. ಬಾಯಿ ಇನ್ನಷ್ಟು ಶುಚಿಯಾಗಲಿ ಎಂದು ಎರಡನ್ನೂ ಬೆನ್ನುಬೆನ್ನಿಗೆ ಬಳಸಿದರೆ ಎರಡೂ ವ್ಯರ್ಥ.

ಕ್ಲೋಟ್ರಿಮಝೋಲ್ ಚೀಪುವ ಮಾತ್ರೆ ನನ್ನ ಮಟ್ಟಿಗೆ ನಿಸ್ಟಾಟಿನ್‌ಗಿಂತ ಒಂದು ಕೈ ಮೇಲು. 10 ಮಿ.ಗ್ರಾಂ. ಮಾತ್ರೆ ಕರಗಲು ಕಾಲು ಗಂಟೆಯಿಂದ ಅರ್ಧ ಗಂಟೆ ಹಿಡಿಯುತ್ತದೆ, ಅಷ್ಟೂ ಹೊತ್ತು ಔಷಧಿ ನಾಲಿಗೆಗೆ ತಾಗುತ್ತಲೇ ಇರುತ್ತದೆ. ಹೆಚ್ಚಿನ ಪ್ರಯತ್ನ ಬೇಡ, ಕಚ್ಚದೆ ಇದ್ದರೆ ಸಾಕು. ದಿನಕ್ಕೆ ಐದು ಸಲ ಎನ್ನುವುದೇ ಕಷ್ಟ. ಮಾತಾಡುವ ಉದ್ಯೋಗದವರಿಗೆ ಇನ್ನೂ ಕಷ್ಟ. ಎಂಜಲೇ ಇಲ್ಲದ ಒಣಬಾಯಿಯವರಿಗೆ ಇದು ಸರಿಯಾಗಿ ಕರಗುವುದಿಲ್ಲ, ಅವರಿಗೆ ದ್ರವವೇ ಮೇಲು.

ಮೈಕೋನಝೋಲ್ ಜೆಲ್ ಹಚ್ಚಿದ ಕಡೆ ಅಂಟಿಕೊಂಡು ಕೂರುತ್ತದೆ. ಬಾಯಿಯ ಮೂಲೆ ಒಡೆದು ಕೆಂಪಾದಾಗ ಅಲ್ಲಿಗೂ ಬೆರಳಿನಿಂದ ಹಚ್ಚಬಹುದು. ಗಂಟಲ ಹತ್ತಿರ ಹಚ್ಚಿದಾಗ ನನಗೆ ಓಕರಿಕೆ ಬರುತ್ತಿತ್ತು. ಜೆಲ್ ತಾನೇ, ಹೊರಮೈ ಔಷಧಿ ಎಂಬ ಧೈರ್ಯ ಮಾತ್ರ ಬೇಡ. ಬಾಯಿಂದಲೂ ಇದು ರಕ್ತಕ್ಕೆ ಸೇರುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ರಕ್ತಸ್ರಾವದ ಅಪಾಯವನ್ನು ಗಂಭೀರವಾಗಿ ಏರಿಸುತ್ತದೆ. ನಾಲ್ಕು ತಿಂಗಳೊಳಗಿನ ಕೂಸುಗಳಿಗೆ ಇದು ಸಲ್ಲದು: ಗಂಟಲಿಗೆ ಸಿಕ್ಕಿ ಉಸಿರು ಕಟ್ಟಬಹುದು.

ಫ್ಲೂಕೋನಝೋಲ್ ಎಲ್ಲಕ್ಕಿಂತ ಸಲೀಸು. ದಿನಕ್ಕೊಂದೇ ಸಲ, 100ರಿಂದ 200 ಮಿ.ಗ್ರಾಂ., ನುಂಗಿದರೆ ಮುಗಿಯಿತು. ಹೆಚ್ಚು ಹರಡಿದ್ದಾಗ, ಹಚ್ಚುವ ಔಷಧಿಗೆ ಬಗ್ಗದಿದ್ದಾಗ ವೈದ್ಯರು ಇದನ್ನೇ ಆರಿಸುತ್ತಾರೆ. ಸಲೀಸು ಎಂಬ ಒಂದೇ ಕಾರಣಕ್ಕೆ ಪ್ರತಿ ಸಲವೂ ಇದನ್ನು ಕೇಳುವುದು ನನಗೆ ಒಪ್ಪಿಗೆಯಿಲ್ಲ. ವಾರ್ಫರಿನ್, ಕೊಲೆಸ್ಟರಾಲ್‌ನ ಕೆಲವು ಸ್ಟ್ಯಾಟಿನ್ ಮಾತ್ರೆ, ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳ ಪರಿಣಾಮವನ್ನು ಇದು ಹೆಚ್ಚಿಸುತ್ತದೆ, ಯಕೃತ್ತಿಗೂ ಹೊರೆ. ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಮತ್ತೆ ಮತ್ತೆ ಬಳಸಿದರೆ ಔಷಧಿಗೆ ಬಗ್ಗದ ಕ್ಯಾಂಡಿಡಾ ಉಳಿದು ಬೆಳೆಯುವ ಅಪಾಯವಿದೆ. ಥ್ರಷ್ ಬಾಯಲ್ಲಷ್ಟೇ ಇದ್ದು ಹಗುರವಾಗಿದ್ದರೆ ನಾನು ಚೀಪುವ ಮಾತ್ರೆಯ ಕಡೆಗೇ ಹೋಗುತ್ತೇನೆ. ನುಂಗುವಾಗ ನೋವು, ಎದೆಯ ಹಿಂದೆ ಸಿಕ್ಕಿಕೊಂಡಂತೆ ಅನ್ನಿಸಿದರೆ ಮಾತು ಬೇರೆ: ಸೋಂಕು ಅನ್ನನಾಳಕ್ಕೆ ಇಳಿದಿರಬಹುದು, ಆಗ ಹಚ್ಚುವ ಔಷಧಿ ಸಾಲದು.

ಅಡುಗೆ ಸೋಡಾ ಬೆರೆಸಿದ ನೀರಿನಿಂದ ಮುಕ್ಕಳಿಸಿದರೆ ಉರಿ ಸ್ವಲ್ಪ ಇಳಿಯಿತು, ಪದರ ಹೋಗಲಿಲ್ಲ.

ಇನ್ಹೇಲರ್, ಆ್ಯಂಟಿಬಯಾಟಿಕ್, ಹಲ್ಲುಸೆಟ್ಟು ಯಾವುದೂ ಇಲ್ಲದೆ ಥ್ರಷ್ ಬಂದರೆ ರಕ್ತದ ಸಕ್ಕರೆ, ಎಚ್‌ಐವಿ ಪರೀಕ್ಷೆ ಮಾಡಿಸಬೇಕು. ಹೆದರಿಸಲು ಹೇಳುತ್ತಿಲ್ಲ. ಆ ಕಾಯಿಲೆಗಳು ಬೇಗ ಪತ್ತೆಯಾಗಲು ಕೆಲವರಿಗೆ ಇದೇ ಮೊದಲ ಸುಳಿವು. ಹಲ್ಲುಸೆಟ್ಟು ಇರುವವರು ರಾತ್ರಿ ಅದನ್ನು ತೆಗೆದು, ಉಜ್ಜಿ ತೊಳೆದು, ನೆನೆಹಾಕದಿದ್ದರೆ ಮೇಲಿನ ಯಾವ ಔಷಧಿಯ ಫಲವೂ ನಿಲ್ಲುವುದಿಲ್ಲ.

ನನ್ನಂಥವರಿಗೆ ಉಳಿದ ಹೋಲಿಕೆ ಬರೀ ಮುಕ್ಕಳಿಸುವುದಕ್ಕೂ ಸ್ಪೇಸರ್‌ಗೂ (ಇನ್ಹೇಲರ್‌ನ ಬಾಯಿಗೆ ಜೋಡಿಸುವ ಕೊಳವೆ) ನಡುವಿನದು. ಇನ್ಹೇಲರ್ ಎಳೆದ ಕೂಡಲೇ ನೀರಿನಿಂದ ಬಾಯಿ ಮುಕ್ಕಳಿಸಿ, ಗಂಟಲು ಗಳಗಳಿಸಿ, ಉಗುಳುವುದರಿಂದ ಥ್ರಷ್ ಬರುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಜೊತೆಗೆ ಸ್ಪೇಸರ್ ಸೇರಿಸಿದ ಮೇಲೆ ನಿಂತಿತು: ದಪ್ಪ ಹನಿಗಳು ಆ ಕೊಳವೆಯಲ್ಲೇ ಉಳಿದು, ಸಣ್ಣ ಹನಿಗಳು ಶ್ವಾಸಕೋಶಕ್ಕೆ ಹೋಗುತ್ತವೆ, ಗಂಟಲಿಗೆ ಬಡಿಯುವ ಸ್ಟೀರಾಯ್ಡ್ ಕಡಿಮೆಯಾಗುತ್ತದೆ. ಥ್ರಷ್‌ಗೆ ಹೆದರಿ ಇನ್ಹೇಲರ್ ಅನ್ನೇ ಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಉಬ್ಬಸ ಕೆರಳಿದರೆ ಪ್ರಾಣಕ್ಕೇ ಬರುತ್ತದೆ. ಪುಡಿಯ ಇನ್ಹೇಲರ್‌ಗೆ ಸ್ಪೇಸರ್ ಹೊಂದುವುದಿಲ್ಲ. ಅದನ್ನು ಬಳಸುವವರು ಊಟಕ್ಕೆ ಅಥವಾ ಹಲ್ಲುಜ್ಜುವುದಕ್ಕೆ ಮುಂಚೆ ಎಳೆದು, ಆಮೇಲೆ ಮರೆಯದೆ ಮುಕ್ಕಳಿಸಿ ಉಗುಳುವ ಅಭ್ಯಾಸ ಇಟ್ಟುಕೊಳ್ಳಬಹುದು. ಆದರೂ ಥ್ರಷ್ ಮರುಕಳಿಸಿದರೆ ಇನ್ಹೇಲರ್‌ನ ಬಗೆ ಅಥವಾ ಪ್ರಮಾಣ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ.